ಊಟದ ಬೆಲ್ ಹೊಡೆದ ಮೇಲಿನ ಇಂಗ್ಲಿಷ್

ಬೆಳಿಗ್ಗೆ ಎಂಟಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಜಪಾನಿನ ಸಣ್ಣ ಪಟ್ಟಣವೊಂದರ ಸರ್ಕಾರಿ ಮಾಧ್ಯಮಿಕ ಶಾಲೆಗೆ ಸೈಕಲ್ ತುಳಿದುಕೊಂಡು ಬಂದ ವಿದೇಶಿ ಇಂಗ್ಲಿಷ್ ಮೇಷ್ಟ್ರು ಮೊದಲು ಮಾಡುವ ಕೆಲಸ ಶೂ ಬಿಚ್ಚುವುದು. ಬಾಗಿಲ ಒಳಗಿನ ತಗ್ಗು ಜಾಗಕ್ಕೆ ಗೆಂಕಾನ್ ಎನ್ನುತ್ತಾರೆ. ಅಲ್ಲಿ ಸಾಲಾಗಿರುವ ಗೂಡುಗಳಲ್ಲಿ ಒಂದಕ್ಕೆ ಅವರ ಹೆಸರನ್ನು ಕತಕನ ಲಿಪಿಯಲ್ಲಿ ಬರೆದು ಅಂಟಿಸಿದ್ದಾರೆ. ಬೀದಿಯ ಶೂ ಆ ಗೂಡಿಗೆ ಸೇರುತ್ತದೆ. ಶಾಲೆಯೊಳಗೆ ಮಾತ್ರ ಹಾಕಿಕೊಳ್ಳುವ, ಉವಾಬಾಕಿ ಎಂಬ ಮೆತ್ತನೆಯ ಜೋಡು ಹೊರಗೆ ಬರುತ್ತದೆ. ಅದನ್ನು ಮರೆತು ಬಂದ ದಿನ ಅತಿಥಿಗಳ ಸ್ಲಿಪ್ಪರೇ ಗತಿ. ದೊಡ್ಡ ಪಾದದವರ ಹಿಮ್ಮಡಿ ಅದರಲ್ಲಿ ಹಿಡಿಸುವುದಿಲ್ಲ, ಸಂಜೆವರೆಗೂ ಕಾರಿಡಾರಿನಲ್ಲಿ ಟಪಟಪ ಸದ್ದು.

ಮುಂದಿನದು ಶೊಕುಯಿನ್‌ಶಿತ್ಸು, ಅಂದರೆ ಶಿಕ್ಷಕರ ಕೊಠಡಿ. ಬಾಗಿಲು ಸರಿಸಿ ಕಾಲಿಟ್ಟ ಕೂಡಲೇ ಇಡೀ ಕೋಣೆಗೆ ಕೇಳಿಸುವಂತೆ 'ಒಹಾಯೋ ಗೊಜಾಯಿಮಾಸು' ಎನ್ನಬೇಕು. ಜಪಾನಿ ಭಾಷೆ ಒಂದಕ್ಷರ ಬಾರದವರೂ ಕಲಿಯಲೇಬೇಕಾದ ಮೊದಲ ಮಾತು ಅದು. ಅದನ್ನು ದಿನವೂ ಗಟ್ಟಿಯಾಗಿ ಹೇಳುವ ಹೊಸಬರಿಗೆ ಆ ಕೋಣೆಯಲ್ಲಿ ಅರ್ಧ ಜಾಗ ಸಿಕ್ಕಂತೆಯೇ. ಒಂದೊಂದು ತರಗತಿಯ ಶಿಕ್ಷಕರ ಮೇಜುಗಳನ್ನು ಎದುರುಬದುರಾಗಿ ಕೂಡಿಸಿ ಪುಟ್ಟ ದ್ವೀಪಗಳ ಹಾಗೆ ಮಾಡಿರುತ್ತಾರೆ. ಎಲ್ಲರನ್ನೂ ನೋಡುವಂತೆ ಮುಂದೆ ಕುಳಿತವರು ಕ್ಯೋತೋ ಸೆನ್ಸೇ, ಉಪ ಮುಖ್ಯೋಪಾಧ್ಯಾಯರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬೀಗ ತೆಗೆದು ರಾತ್ರಿ ಎಲ್ಲರಿಗಿಂತ ಕೊನೆಗೆ ದೀಪ ಆರಿಸುವವರು ಸಾಮಾನ್ಯವಾಗಿ ಅವರೇ. ಹಾಜರಿ ಪುಸ್ತಕಕ್ಕೆ ಸಹಿಯ ಬದಲು ಹಾಂಕೊ ಎಂಬ ಪುಟ್ಟ ಮುದ್ರೆ ಒತ್ತುವ ಪದ್ಧತಿ ಎಷ್ಟೋ ಶಾಲೆಗಳಲ್ಲಿ ನಡೆದುಬಂದಿದೆ. ವಿದೇಶಿ ಮೇಷ್ಟ್ರಿಗೂ ಅವರ ಹೆಸರಿನ ಮುದ್ರೆ ಮಾಡಿಸಿಕೊಡುತ್ತಾರೆ.

ಎಂಟೂಕಾಲರ ಹೊತ್ತಿಗೆ ಎಲ್ಲರೂ ಎದ್ದು ನಿಂತು ಬಾಗಿ ವಂದಿಸಿ ದಿನದ ಸಭೆ ಶುರುಮಾಡುತ್ತಾರೆ. ಯಾವ ಪೀರಿಯಡ್ ಬದಲಾಯಿತು, ಯಾವ ಮಗುವಿಗೆ ಜ್ವರ, ಕ್ರೀಡಾಕೂಟದ ತಾಲೀಮು ಎಷ್ಟು ಹೊತ್ತಿಗೆ ಎಂಬ ಸುದ್ದಿಗಳೆಲ್ಲ ವೇಗದ, ಗೌರವವಾಚಕ ಜಪಾನಿಯಲ್ಲಿ ಹರಿದುಹೋಗುತ್ತವೆ. ಅರ್ಥವಾಗದ ಮೇಷ್ಟ್ರು ಗೋಡೆಯ ಮೇಲಿನ ತಿಂಗಳ ವೇಳಾಪಟ್ಟಿ ನೋಡುತ್ತಾ ನಿಲ್ಲುತ್ತಾರೆ. ಪಕ್ಕದ ಮೇಜಿನವರು ಚೀಟಿಯಲ್ಲಿ 'ಮೂರನೇ ಪೀರಿಯಡ್ ಇಲ್ಲ' ಎಂದು ಬರೆದು ತಳ್ಳಿದರೆ ಅದು ಅವತ್ತಿನ ದೊಡ್ಡ ಉಪಕಾರ.

ಇವರ ಹುದ್ದೆಯ ಹೆಸರು ಅಸಿಸ್ಟೆಂಟ್ ಲ್ಯಾಂಗ್ವೇಜ್ ಟೀಚರ್, ಸಹಾಯಕ ಭಾಷಾ ಶಿಕ್ಷಕ. ಎಲ್ಲರ ಬಾಯಲ್ಲೂ ಎಎಲ್‌ಟಿ. ಇವರಲ್ಲಿ ಹೆಚ್ಚು ಹೆಸರಾದವರು ಜೆಟ್ ಎಂಬ ಸರ್ಕಾರಿ ಕಾರ್ಯಕ್ರಮದ ಮೂಲಕ ಬಂದವರು. ಅಮೆರಿಕದೊಂದಿಗೆ ವ್ಯಾಪಾರದ ಜಗಳ ಬಿಗಡಾಯಿಸಿದ್ದ ಕಾಲದಲ್ಲಿ, ಜಪಾನ್ ಹೊರಗಿನವರಿಗೆ ಬಾಗಿಲು ತೆರೆಯುತ್ತಿದೆ ಎಂದು ತೋರಿಸಬೇಕಾದ ಒತ್ತಡದ ನಡುವೆ ಹುಟ್ಟಿದ ಯೋಜನೆ ಇದು. 1987ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಎಂಬ ನಾಲ್ಕು ದೇಶಗಳಿಂದ 848 ಮಂದಿ ಬಂದರು. ಈಗ ಯಾವುದೇ ವರ್ಷ ಐದೂವರೆ ಸಾವಿರಕ್ಕೂ ಹೆಚ್ಚು ಜನ ಈ ಕಾರ್ಯಕ್ರಮದಲ್ಲಿರುತ್ತಾರೆ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪಾಲು ಎಎಲ್‌ಟಿಗಳೇ. ಜಮೈಕಾ, ದಕ್ಷಿಣ ಆಫ್ರಿಕಾ, ಫಿಲಿಪ್ಪೀನ್ಸ್, ಸಿಂಗಪುರ, ಟ್ರಿನಿಡಾಡ್‌ನವರೂ ಇದ್ದಾರೆ. ಭಾರತವೂ ಪಟ್ಟಿಯಲ್ಲಿದೆ, ಹೋಗುವವರು ಮಾತ್ರ ಬೆರಳೆಣಿಕೆಯಷ್ಟು. ಪದವಿ ಇರಬೇಕು, ಬಿ.ಎಡ್. ಬೇಕೆಂದಿಲ್ಲ, ಜಪಾನಿ ಬರಬೇಕೆಂದೂ ಇಲ್ಲ. ನಿನ್ನೆ ಮೊನ್ನೆ ಕಾಲೇಜು ಮುಗಿಸಿದ ಇಪ್ಪತ್ತೆರಡರ ಹುಡುಗಿಯನ್ನೂ ಮಕ್ಕಳು 'ಸೆನ್ಸೇ' ಎಂದೇ ಕರೆಯುತ್ತಾರೆ. ಆ ಪದದ ಅಕ್ಷರಗಳ ಅರ್ಥ 'ಮೊದಲೇ ಹುಟ್ಟಿದವರು'.

ಪರದೇಶದಿಂದ ಬಂದವರ ಬಾಯಿಂದಲೇ ಇಂಗ್ಲಿಷ್ ಕಲಿಯುವುದು ಜಪಾನಿಗೆ 1987ರಲ್ಲಿ ಹೊಸದೇನೂ ಆಗಿರಲಿಲ್ಲ. ದೇಶದ ಬಾಗಿಲು ಹೊರಗಿನವರಿಗೆ ಮುಚ್ಚಿದ್ದ 1848ರಲ್ಲಿ ರಾನಾಲ್ಡ್ ಮೆಕ್‌ಡೊನಾಲ್ಡ್ ಎಂಬ ಯುವಕ ತಿಮಿಂಗಿಲ ಬೇಟೆಯ ಹಡಗಿನಿಂದ ಸಣ್ಣ ದೋಣಿಯಲ್ಲಿ ಇಳಿದು ಉತ್ತರದ ದ್ವೀಪ ತಲುಪಿದ. ತಂದೆ ಸ್ಕಾಟ್ಲೆಂಡ್ ಮೂಲದ ತುಪ್ಪಳ ವ್ಯಾಪಾರಿ, ತಾಯಿ ಅಮೆರಿಕದ ಚಿನೂಕ್ ಬುಡಕಟ್ಟಿನವಳು. ಅವನನ್ನು ಹಿಡಿದು ನಾಗಸಾಕಿಗೆ ಒಯ್ದು ಕೂಡಿಹಾಕಿದರು. ಅಲ್ಲಿ ಸೆರೆಯ ಸರಳಿನ ಆಚೆ ಕುಳಿತ 14 ದುಭಾಷಿಗಳಿಗೆ ಅವನು ಇಂಗ್ಲಿಷ್ ಕಲಿಸಿದ. ಅವರಲ್ಲಿ ಒಬ್ಬನಾದ ಮೊರಿಯಾಮಾ ಏನೊಸುಕೆ ಮುಂದೆ ಅಮೆರಿಕದ ನೌಕಾಧಿಕಾರಿ ಪೆರಿಯೊಂದಿಗಿನ ಮಾತುಕತೆಯಲ್ಲಿ ದುಭಾಷಿಯಾದ. 1890ರಲ್ಲಿ ಮಾತ್ಸುಎ ಎಂಬ ಊರಿನ ಶಾಲೆಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದ ಲಾಫ್ಕಾಡಿಯೊ ಹರ್ನ್ ಅಲ್ಲಿಯ ಹೆಣ್ಣನ್ನು ಮದುವೆಯಾಗಿ, ಜಪಾನಿನ ಪ್ರಜೆಯಾಗಿ, ಕೊಯಿಜುಮಿ ಯಾಕುಮೊ ಎಂಬ ಹೆಸರಿಟ್ಟುಕೊಂಡು ಆ ದೇಶದಲ್ಲೇ ಮಣ್ಣಾದ. ಹರ್ನ್ ತನ್ನ ಶಾಲೆಯ ದಿನಗಳ ಬಗ್ಗೆ ಬರೆದದ್ದನ್ನು ಇಂದಿನ ಎಎಲ್‌ಟಿಗಳು ತಮ್ಮದೇ ದಿನಚರಿಯಂತೆ ಓದಿಕೊಳ್ಳಬಹುದು.

ಒಂದನೇ ಪೀರಿಯಡ್ಡಿಗೆ ಬೆಲ್ ಆಗುತ್ತದೆ. ಅದೂ ಲಂಡನ್ನಿನ ಬಿಗ್ ಬೆನ್ ಗಡಿಯಾರದ ರಾಗ; ಜಪಾನಿನ ಬಹುತೇಕ ಶಾಲೆಗಳಲ್ಲಿ ಪೀರಿಯಡ್ ಬದಲಾಗುವುದು ಆ ರಾಗದಿಂದಲೇ. ಮಕ್ಕಳು ಎದ್ದು, ಬಾಗಿ, ಕೂರುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಪಾಠ 45 ನಿಮಿಷ, ಮಾಧ್ಯಮಿಕ ಮತ್ತು ಪ್ರೌಢಶಾಲೆಯಲ್ಲಿ 50 ನಿಮಿಷ. ತರಗತಿಯಲ್ಲಿ ಇಬ್ಬರು ಶಿಕ್ಷಕರು: ಜಪಾನಿ ಇಂಗ್ಲಿಷ್ ಶಿಕ್ಷಕರೇ ಮುಖ್ಯರು, ವಿದೇಶಿಯರು ಜೊತೆಗಾರರು. ಅಂಕ ಕೊಡುವ ಅಧಿಕಾರವಾಗಲಿ ಒಬ್ಬರೇ ಪಾಠ ನಡೆಸುವ ಹೊಣೆಯಾಗಲಿ ಜೊತೆಗಾರರಿಗಿಲ್ಲ.

'ಹೌ ಆರ್ ಯೂ?' ಎಂದು ಅವರು ಕೇಳುತ್ತಾರೆ. ಮೂವತ್ತೈದು ಗಂಟಲು ಒಟ್ಟಿಗೆ 'ಐ ಆಮ್ ಫೈನ್, ಥ್ಯಾಂಕ್ ಯೂ, ಆ್ಯಂಡ್ ಯೂ?' ಎನ್ನುತ್ತವೆ. ನೆಗಡಿಯಾದವರೂ ಫೈನ್, ರಾತ್ರಿ ನಿದ್ದೆಯಿಲ್ಲದವರೂ ಫೈನ್. ಆಮೇಲೆ ಪಠ್ಯದ ಸಂಭಾಷಣೆ. ವಿದೇಶಿ ಮೇಷ್ಟ್ರು ಒಂದು ಸಾಲು ಓದುತ್ತಾರೆ, ಮಕ್ಕಳು ಅದನ್ನು ಮರುನುಡಿಯುತ್ತಾರೆ, ಜಪಾನಿ ಶಿಕ್ಷಕರು ವ್ಯಾಕರಣ ವಿವರಿಸುತ್ತಾರೆ. ಆ ವಿವರಣೆ ಜಪಾನಿಯಲ್ಲಿ ಇಪ್ಪತ್ತು ನಿಮಿಷ ಹಿಡಿಯುವುದುಂಟು. ಅಷ್ಟು ಹೊತ್ತೂ ವಿದೇಶಿ ಮೇಷ್ಟ್ರು ಗೋಡೆಗೊರಗಿ ನಿಂತಿರುತ್ತಾರೆ. ಇಂಥ ತರಗತಿಯಲ್ಲಿ ತಾವು 'ಮನುಷ್ಯ ರೂಪದ ಟೇಪ್ ರೆಕಾರ್ಡರ್' ಎಂದು ಎಎಲ್‌ಟಿಗಳು ಹೇಳಿಕೊಳ್ಳುವುದು ಬಹಳ ಹಳೆಯ ದೂರು.

ದೂರಿನಲ್ಲಿ ಸತ್ಯವಿದೆ, ಆದರೆ ಅದು ಜಪಾನಿ ಶಿಕ್ಷಕರ ಸೋಮಾರಿತನವಲ್ಲ. ಒಂಬತ್ತನೇ ವರ್ಷದ ಓದು ಮುಗಿಯುವಾಗ ಬಹುತೇಕ ಮಕ್ಕಳು ಪ್ರೌಢಶಾಲೆಯ ಪ್ರವೇಶ ಪರೀಕ್ಷೆ ಬರೆಯಬೇಕು. ಅಲ್ಲಿ ಬೇಕಾದದ್ದು ಓದಿನ ಗ್ರಹಿಕೆ, ವ್ಯಾಕರಣ. ಮಾತಿಗೆ ಅಂಕವಿಲ್ಲದ ಕಡೆ ಮಾತಾಡಿಸುವ ಮೇಷ್ಟ್ರಿಗೆ ಕೆಲಸ ಕಡಿಮೆ. ಇದು ಈಗೀಗ ಸಡಿಲವಾಗುತ್ತಿದೆ. ಟೋಕಿಯೊ ಮಹಾನಗರಾಡಳಿತ 2022ರ ನವೆಂಬರಿನಿಂದ ತನ್ನ ಸರ್ಕಾರಿ ಪ್ರೌಢಶಾಲೆಗಳ ಪ್ರವೇಶಕ್ಕೆ ಇಂಗ್ಲಿಷ್ ಮಾತಿನ ಪರೀಕ್ಷೆಯನ್ನೂ ಸೇರಿಸಿತು. ಅದಕ್ಕೂ ಮೊದಲು ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಖಾಸಗಿ ಸಂಸ್ಥೆಗಳ ಇಂಗ್ಲಿಷ್ ಪರೀಕ್ಷೆ ತರಲು ಹೊರಟಿದ್ದ ಕೇಂದ್ರ ಸರ್ಕಾರ, ಹಳ್ಳಿಯ ಮತ್ತು ಬಡ ಮಕ್ಕಳಿಗೆ ಅನ್ಯಾಯವಾಗುತ್ತದೆಂಬ ಕೂಗಿಗೆ ಮಣಿದು 2019ರ ನವೆಂಬರಿನಲ್ಲಿ ಹಿಂದೆ ಸರಿದಿತ್ತು.

ಪ್ರಾಥಮಿಕ ಶಾಲೆಯಲ್ಲಿ ಚಿತ್ರವೇ ಬೇರೆ. 2020ರಿಂದ ಮೂರು ಮತ್ತು ನಾಲ್ಕನೇ ತರಗತಿಗೆ ವರ್ಷಕ್ಕೆ 35 ಪೀರಿಯಡ್ ಆಟ-ಮಾತಿನ ಇಂಗ್ಲಿಷ್, ಐದು ಮತ್ತು ಆರನೇ ತರಗತಿಗೆ ವರ್ಷಕ್ಕೆ 70 ಪೀರಿಯಡ್ ಅಂಕವುಳ್ಳ ವಿಷಯವಾಗಿ ಇಂಗ್ಲಿಷ್ ಬಂದಿದೆ. ಗಣಿತದಿಂದ ಸಂಗೀತದವರೆಗೆ ಎಲ್ಲ ಪಾಠವನ್ನೂ ಒಬ್ಬರೇ ಹೇಳುವ ತರಗತಿ ಶಿಕ್ಷಕರಿಗೆ ಇಂಗ್ಲಿಷ್ ಎಂದರೆ ಅಳುಕು. ಹೀಗಾಗಿ ಸಹಾಯಕರೇ ಇಲ್ಲಿ ಮುಂದೆ ನಿಲ್ಲುತ್ತಾರೆ. ಚಿತ್ರದ ಕಾರ್ಡು, ಹಾಡು, ಕೈಯಲ್ಲಿ ಕಲ್ಲು-ಕಾಗದ-ಕತ್ತರಿ ತೋರಿಸುವ ಜಾಂಕೆನ್ ಆಟ. ಐದನೇ ಪೀರಿಯಡ್ ಮುಗಿಯುವಷ್ಟರಲ್ಲಿ ಮೇಷ್ಟ್ರ ಅಂಗಿ ಬೆವರಿನಲ್ಲಿ ತೊಯ್ದಿರುತ್ತದೆ.

ಜಪಾನಿ ಮಕ್ಕಳ ಉಚ್ಚಾರಣೆಯ ಬಗ್ಗೆ ಇಂಗ್ಲಿಷಿನವರು ನೂರು ಮಾತಾಡುತ್ತಾರೆ. ಕನ್ನಡಿಗರಿಗೆ ಅದು ಅಷ್ಟು ವಿಚಿತ್ರವಾಗಿ ಕೇಳಿಸಲಾರದು. ಜಪಾನಿ ಪದಗಳು ಸ್ವರದಲ್ಲಿ ಕೊನೆಯಾಗುತ್ತವೆ, ಇಲ್ಲವೇ 'ನ್' ದನಿಯಲ್ಲಿ. ಆದ್ದರಿಂದ ಇಂಗ್ಲಿಷಿನ ವ್ಯಂಜನಕ್ಕೆ ಒಂದು ಸ್ವರ ಅಂಟಿಸಿಕೊಳ್ಳದೆ ನಾಲಿಗೆ ಮುಂದೆ ಹೋಗುವುದಿಲ್ಲ. ನಾವು ಬಸ್ಸು ಎಂದರೆ ಅವರು ಬಸು. ನಾವು ಗ್ಲಾಸು ಎಂದರೆ ಅವರು ಗುರಾಸು. ನಾವು ಬೆಂಚು ಎಂದರೆ ಅವರು ಬೆಂಚಿ. ಟಿಕೆಟ್ಟು ಅಲ್ಲಿ ಚಿಕೆತ್ತೊ. ಕನ್ನಡವೂ ಇದೇ ಕಾರಣಕ್ಕೆ ಕಾರ್, ಬ್ಯಾಂಕ್‌ಗಳಿಗೆ ಉಕಾರ ಸೇರಿಸಿ ಮನೆಮಂದಿ ಮಾಡಿಕೊಂಡಿದೆ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಲ ಬೇರೆ, ರ ಬೇರೆ, ಜಪಾನಿಯಲ್ಲಿ ಎರಡಕ್ಕೂ ಒಂದೇ ದನಿ. ಮಿಲ್ಕು ಅಲ್ಲಿ ಮಿರುಕು ಆಗುವುದು, ಹ್ಯಾಂಬರ್ಗರ್ ಮಾರುವ ಕಂಪನಿ ಮಕುದೊನಾರುದೊ ಆಗುವುದು ಹಾಗೆ. ಮಗು ಮನೆಯಲ್ಲಿ ದಿನವೂ ಮಿರುಕು ಎಂದೇ ಕುಡಿದಿದೆ. ಶಾಲೆಗೆ ಬಂದರೆ ಆ ಪದ ತಪ್ಪು ಎನ್ನುತ್ತಾರೆ. ನಿಜಕ್ಕೂ ಅದು ತಪ್ಪಲ್ಲ, ಒಳ್ಳೆಯ ಜಪಾನಿ ಪದ. ಇದನ್ನು ಅರಿತ ಮೇಷ್ಟ್ರು ಮಗುವನ್ನು ತಿದ್ದುವ ಮೊದಲು, ನಿನಗೆ ಇಂಗ್ಲಿಷಿನ ಸಾವಿರ ಪದ ಆಗಲೇ ಗೊತ್ತಿದೆ ಎಂದು ಧೈರ್ಯ ತುಂಬುತ್ತಾರೆ.

ಊಟದ ಹೊತ್ತಿಗೆ ಶಾಲೆಯ ಬೆಳಕೇ ಬದಲಾಗುತ್ತದೆ.

ಜಪಾನಿನ ಶಾಲಾ ಊಟಕ್ಕೆ ಕ್ಯೂಶೊಕು ಎಂದು ಹೆಸರು. 1889ರಲ್ಲಿ ಯಾಮಾಗಾತಾ ಪ್ರಾಂತ್ಯದ ತ್ಸುರುಓಕಾದಲ್ಲಿ ಬೌದ್ಧ ಭಿಕ್ಷುಗಳು ನಡೆಸುತ್ತಿದ್ದ ಶಾಲೆಯಲ್ಲಿ ಬಡ ಮಕ್ಕಳಿಗೆ ಅನ್ನದ ಉಂಡೆ, ಸುಟ್ಟ ಉಪ್ಪುಮೀನು, ಉಪ್ಪಿನಕಾಯಿ ಕೊಟ್ಟದ್ದು ಇದರ ಆರಂಭ ಎನ್ನುತ್ತಾರೆ. ಎರಡನೇ ಮಹಾಯುದ್ಧದ ನಂತರದ ಹಸಿವಿನಲ್ಲಿ ಹೊರದೇಶಗಳ ಹಾಲಿನ ಪುಡಿಯಿಂದ ಮತ್ತೆ ಚಿಗುರಿ, 1954ರಲ್ಲಿ ಅದಕ್ಕೊಂದು ಕಾನೂನೇ ಬಂತು. ಮಕ್ಕಳಿಗೆ ಬಡಿಸುವ ಮೊದಲು ಮುಖ್ಯೋಪಾಧ್ಯಾಯರು ತಾವು ತಿಂದು ನೋಡುವ ಪದ್ಧತಿಯಿದೆ. ಊಟಕ್ಕೆ ಏನಾದರೂ ಕೆಟ್ಟದ್ದು ಬೆರೆತಿದ್ದರೆ ಅದು ಮೊದಲು ತಮಗೇ ತಾಕಲಿ ಎಂಬ ಈ ಏರ್ಪಾಟು ಆ ಶಾಲೆಗಳ ಬಗ್ಗೆ ಹತ್ತು ವರದಿಗಳಿಗಿಂತ ಹೆಚ್ಚು ಹೇಳುತ್ತದೆ.

ಬಿಳಿ ಟೋಪಿ, ಬಿಳಿ ಅಂಗಿ ತೊಟ್ಟ ಮಕ್ಕಳ ಸರದಿ ತಂಡ ಪಾತ್ರೆಗಳನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದು ಎಲ್ಲರಿಗೂ ಬಡಿಸುತ್ತದೆ. ಅನ್ನ ಅಥವಾ ಬ್ರೆಡ್ಡು, ಮೀನು, ತರಕಾರಿ, ಮಿಸೊ ಸಾರು, 200 ಮಿಲಿಲೀಟರ್ ಹಾಲು. ಬ್ರೆಡ್ಡಿಗೆ ಅವರು 'ಪಾನ್' ಎನ್ನುತ್ತಾರೆ. ಪೋರ್ಚುಗೀಸರು ಗೋವೆಗೆ ಪಾವ್ ಎಂದು ಕೊಟ್ಟು ಹೋದದ್ದು, ನಾಗಸಾಕಿಗೆ ಕೊಟ್ಟು ಹೋದದ್ದು ಒಂದೇ ಪದ. ಮಕ್ಕಳಿಗೆ ಅಚ್ಚುಮೆಚ್ಚು ಕರಿ-ಅನ್ನ. ಭಾರತದ ಸಾಂಬಾರ ಬ್ರಿಟಿಷರ ಕೈ ದಾಟಿ ಜಪಾನ್ ತಲುಪಿ ದಪ್ಪ ಗೊಜ್ಜಾದ ರೂಪ. ದೇಶದ ಶಾಲೆಗಳೆಲ್ಲ ಒಂದೇ ದಿನ ಕರಿ ಬಡಿಸಲಿ ಎಂದು 1982ರ ಜನವರಿ 22ನ್ನು ಗೊತ್ತುಮಾಡಿದ್ದರು. ಈಗಲೂ ಆ ತಾರೀಖು ಅಲ್ಲಿ 'ಕರಿ ದಿನ'.

ಎಎಲ್‌ಟಿ ದಿನಕ್ಕೊಂದು ತರಗತಿಯಲ್ಲಿ ಮಕ್ಕಳ ನಡುವೆ ಪುಟ್ಟ ಕುರ್ಚಿಯಲ್ಲಿ ಕೂತು ಉಣ್ಣುತ್ತಾರೆ. ಎಲ್ಲರೂ ಕೈಮುಗಿದು 'ಇತಾದಾಕಿಮಾಸು' ಎನ್ನುವವರೆಗೆ ಯಾರೂ ತುತ್ತು ಎತ್ತುವುದಿಲ್ಲ. ಬೆಳಿಗ್ಗೆ ಪಾಠದಲ್ಲಿ ತುಟಿ ಬಿಚ್ಚದ ಹುಡುಗ ಇಲ್ಲಿ ತನ್ನ ಮೀನನ್ನು ತೋರಿಸಿ 'ಯೂ ಲೈಕ್?' ಎಂದು ಕೇಳುತ್ತಾನೆ. ವ್ಯಾಕರಣ ಅರ್ಧವೇ ಇದೆ, ಮಾತು ಪೂರ್ತಿಯಿದೆ. ಪುಸ್ತಕದ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತು. ಈ ಪ್ರಶ್ನೆಗೆ ಗೊತ್ತಿಲ್ಲ, ಕೇಳಿಯೇ ತಿಳಿಯಬೇಕು. ಭಾಷೆ ಹುಟ್ಟಿದ್ದು ಇಂಥ ಪ್ರಶ್ನೆಗಳಿಗಾಗಿಯೇ. ಉಳಿದ ಒಂದು ಕಪ್ ಜೆಲ್ಲಿಗೆ ಆರು ಮಂದಿ ಜಾಂಕೆನ್ ಆಡುವಾಗ ಮೇಷ್ಟ್ರೂ ಕೈ ಹಾಕುತ್ತಾರೆ, ಸೋಲುತ್ತಾರೆ, ಇಡೀ ಕೋಣೆ ಚಪ್ಪಾಳೆ ತಟ್ಟುತ್ತದೆ. ಕೊರೊನಾ ಕಾಲದಲ್ಲಿ ಮಕ್ಕಳು ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಮೌನವಾಗಿ ಉಣ್ಣಬೇಕಾಗಿತ್ತು. ಆ ವರ್ಷಗಳಲ್ಲಿ ಬಂದ ಎಎಲ್‌ಟಿಗಳು ಕಳೆದುಕೊಂಡದ್ದು ತಮ್ಮ ಕೆಲಸದ ಅತಿ ಮುಖ್ಯ ಭಾಗವನ್ನೇ.

ಊಟವಾದ ಮೇಲೆ ಸೋಜಿ, ಅಂದರೆ ಶುಚಿ ಮಾಡುವ ಹದಿನೈದು ನಿಮಿಷ. ಬೆಂಚು ಸರಿಸಿ ಕಸ ಗುಡಿಸಿ, ಒದ್ದೆ ಬಟ್ಟೆ ಎರಡು ಕೈಯಲ್ಲಿ ಒತ್ತಿ ಹಿಡಿದು, ಮಂಡಿ ಊರದೆ ಕಾರಿಡಾರಿನುದ್ದಕ್ಕೂ ಓಡುತ್ತಾ ಮಕ್ಕಳು ನೆಲ ಒರೆಸುತ್ತಾರೆ. ಶಿಕ್ಷಕರೂ ಪೊರಕೆ ಹಿಡಿಯುತ್ತಾರೆ. ಟೈ ಕಟ್ಟಿದ ವಿದೇಶಿ ಮೇಷ್ಟ್ರು ಮೆಟ್ಟಿಲು ಗುಡಿಸುತ್ತಾ 'ಡಸ್ಟ್', 'ಬ್ರೂಮ್' ಎಂದರೆ ಆ ಪದ ಮರೆಯುವುದಿಲ್ಲ.

ಮಧ್ಯಾಹ್ನದ ಖಾಲಿ ಪೀರಿಯಡ್ಡುಗಳು ಬೇರೆ ಕಥೆ. ಜೆಟ್ ಒಪ್ಪಂದದಲ್ಲಿ ವಾರಕ್ಕೆ ಸುಮಾರು 35 ಗಂಟೆ ಕೆಲಸ. ಪಾಠವಿರಲಿ ಇಲ್ಲದಿರಲಿ ಮೇಜಿನ ಬಳಿ ಕೂರಬೇಕು. ಬೇಸಿಗೆ ರಜೆಯಲ್ಲಿ ಮಕ್ಕಳಿಲ್ಲದ ಶಾಲೆಗೂ ಬಂದು ಕೂರುವವರಿದ್ದಾರೆ. ಕೆಲವರಿಗೆ ಒಂದೇ ದೊಡ್ಡ ಶಾಲೆ, ಕೆಲವರಿಗೆ ವಾರದ ಐದು ದಿನ ಐದು ಶಾಲೆ, ಇನ್ನು ಕೆಲವರಿಗೆ ದೋಣಿ ಹತ್ತಿ ಹೋಗಬೇಕಾದ ದ್ವೀಪದ ಶಾಲೆ, ಅಲ್ಲಿ ಒಟ್ಟು ಮಕ್ಕಳು ಹತ್ತೂ ಇಲ್ಲ. 'ಒಬ್ಬೊಬ್ಬರ ಪರಿಸ್ಥಿತಿ ಒಂದೊಂದು' ಎಂಬುದು ಜೆಟ್ ವಲಯದಲ್ಲಿ ಎಲ್ಲ ಪ್ರಶ್ನೆಗೂ ಸಿಗುವ ಸಿದ್ಧ ಉತ್ತರ.

ನಾಲ್ಕೂಕಾಲಿಗೆ ಅವರ ದಿನ ಮುಗಿಯುತ್ತದೆ, ಶಾಲೆಯ ದಿನ ಮುಗಿಯುವುದಿಲ್ಲ. ಬುಕಾತ್ಸು ಎಂಬ ಸಂಜೆಯ ಸಂಘ-ಕೂಟಗಳಲ್ಲಿ ಬೇಸ್‌ಬಾಲ್, ಕೆಂದೊ, ವಾದ್ಯವೃಂದ ಆರರವರೆಗೆ ನಡೆಯುತ್ತವೆ, ಶಿಕ್ಷಕರು ಅಲ್ಲಿರಬೇಕು. ಒಇಸಿಡಿ ಎಂಬ ದೇಶಗಳ ಒಕ್ಕೂಟದ 2018ರ ಸಮೀಕ್ಷೆಯಲ್ಲಿ ಜಪಾನಿನ ಮಾಧ್ಯಮಿಕ ಶಾಲಾ ಶಿಕ್ಷಕರ ವಾರದ ದುಡಿಮೆ 56 ಗಂಟೆ, ಭಾಗವಹಿಸಿದ ದೇಶಗಳಲ್ಲೇ ಅತಿ ಹೆಚ್ಚು, ಸರಾಸರಿ 38.3 ಗಂಟೆ. ಇಂಥವರ ನಡುವಿನಿಂದ ಚೀಲ ಹೆಗಲಿಗೇರಿಸಿ ಎದ್ದು ಹೋಗುವಾಗ ಹೇಳಬೇಕಾದ ಮಾತೇ ಒಂದಿದೆ: 'ಒಸಾಕಿ ನಿ ಶಿತ್ಸುರೇ ಶಿಮಾಸು', ನಿಮಗಿಂತ ಮೊದಲು ಹೊರಡುತ್ತಿದ್ದೇನೆ, ಕ್ಷಮಿಸಿ. 'ಒತ್ಸುಕಾರೆಸಾಮಾ' ಎಂಬ ಉತ್ತರ ಬರುತ್ತದೆ: ದಣಿದಿದ್ದೀರಿ, ಒಳ್ಳೆಯದಾಗಲಿ. ದಣಿದವರು ಯಾರು ಎಂಬುದು ಇಬ್ಬರಿಗೂ ಗೊತ್ತು. ಹೀಗಾಗಿ ಎಷ್ಟೋ ಎಎಲ್‌ಟಿಗಳು ವಾರಕ್ಕೆರಡು ದಿನ ತಾವಾಗಿಯೇ ಉಳಿದು ಮಕ್ಕಳೊಂದಿಗೆ ಟೇಬಲ್ ಟೆನಿಸ್ ಆಡುತ್ತಾರೆ, ಭಾಷಣ ಸ್ಪರ್ಧೆಗೆ ಒಬ್ಬ ಹುಡುಗಿಯನ್ನು ತಯಾರು ಮಾಡುತ್ತಾರೆ.

ಈ ನಂಟಿಗೆ ವ್ಯವಸ್ಥೆ ಕೊಟ್ಟಿರುವ ಆಯುಸ್ಸು ಚಿಕ್ಕದು. ಜೆಟ್ ಒಪ್ಪಂದ ಒಂದು ವರ್ಷದ್ದು, ನವೀಕರಿಸಿದರೂ ಐದು ವರ್ಷ ಮೀರುವುದಿಲ್ಲ. ಅತ್ತ ಜಪಾನಿ ಶಿಕ್ಷಕರಿಗೂ ಕೆಲವು ವರ್ಷಕ್ಕೊಮ್ಮೆ ವರ್ಗ. ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಮಾರ್ಚ್ ಕೊನೆಗೆ ಪಟ್ಟಿ ಹೊರಬೀಳುತ್ತದೆ. ಎರಡು ವರ್ಷ ಜೊತೆಗೂಡಿ ಪಾಠ ಹದಕ್ಕೆ ತಂದವರು ಒಂದೇ ವಾರದಲ್ಲಿ ಬೇರೆ ಊರಿಗೆ ಹೊರಟುಹೋಗುತ್ತಾರೆ.

ಜೆಟ್‌ನವರಾದರೂ ಅದೃಷ್ಟವಂತರು. ಮೊದಲ ವರ್ಷದ ಸಂಬಳ ಬಹುಕಾಲ ವರ್ಷಕ್ಕೆ 33.6 ಲಕ್ಷ ಯೆನ್ ಇದ್ದು, 2025ರಲ್ಲಿ 40.2 ಲಕ್ಷಕ್ಕೆ ಏರಿದೆ. ಎಷ್ಟೋ ಊರುಗಳ ಶಿಕ್ಷಣ ಮಂಡಳಿಗಳು ಖರ್ಚು ಉಳಿಸಲು ಖಾಸಗಿ ಕಂಪನಿಗಳಿಂದ ಗುತ್ತಿಗೆಯ ಮೇಲೆ ಮೇಷ್ಟ್ರನ್ನು ಪಡೆಯುತ್ತವೆ. ಅವರ ಸಂಬಳ ಕಡಿಮೆ, ರಜೆಯ ತಿಂಗಳಲ್ಲಿ ಅದಕ್ಕೂ ಕತ್ತರಿ ಬೀಳುವುದುಂಟು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೆಲಸವನ್ನು ಪೂರ್ತಿ ಹೊರಗುತ್ತಿಗೆ ಕೊಟ್ಟ ಕಡೆ, ಶಾಲೆಯ ಶಿಕ್ಷಕರು ಆ ಮೇಷ್ಟ್ರಿಗೆ ನೇರವಾಗಿ ಸೂಚನೆ ಕೊಡುವುದು ಕಾರ್ಮಿಕ ಕಾನೂನಿನ ಪ್ರಕಾರ ತಪ್ಪಾಗುತ್ತದೆ. ಹೇಳಬೇಕಾದದ್ದನ್ನು ಕಂಪನಿಯ ಮೂಲಕ ಹೇಳಬೇಕು. ಪಕ್ಕಪಕ್ಕ ನಿಂತು ಪಾಠ ಹೇಳಬೇಕಾದ ಇಬ್ಬರು ಹತ್ತು ನಿಮಿಷ ಕೂತು ನಾಳಿನ ಪಾಠ ಮಾತಾಡಿಕೊಳ್ಳಲು ಕಾನೂನು ಅಡ್ಡ ಬರುತ್ತದೆಂದರೆ ಆ ಏರ್ಪಾಟು ಮಕ್ಕಳಿಗಾಗಿ ಮಾಡಿದ್ದಲ್ಲ. ಒಂದು ಸಂಸ್ಥೆ ಪ್ರಕಟಿಸುವ ಇಂಗ್ಲಿಷ್ ಪ್ರಾವೀಣ್ಯದ ಸೂಚಿಯಲ್ಲಿ 2024ರಲ್ಲಿ ಜಪಾನ್ 116 ದೇಶಗಳ ಪೈಕಿ 92ನೆಯದಾಗಿತ್ತು. ವಿದೇಶಿಯರನ್ನು ಕರೆಸಿಯೂ ಉಪಯೋಗವಾಗಲಿಲ್ಲ ಎಂದು ಆ ಅಂಕಿ ತೋರಿಸಿ ಹೇಳುವವರಿದ್ದಾರೆ. ಕರೆಸಿದವರನ್ನು ಗೋಡೆಗೊರಗಿಸಿ ನಿಲ್ಲಿಸಿದರೆ ಉಪಯೋಗವಾಗುವುದಾದರೂ ಹೇಗೆ? ಅವರನ್ನು ಶಾಲೆಯೇ ನೇಮಿಸಿಕೊಳ್ಳಲಿ, ಜಪಾನಿ ಶಿಕ್ಷಕರೊಂದಿಗೆ ಕೂತು ಪಾಠ ಯೋಚಿಸುವ ಸಮಯವನ್ನು ವೇಳಾಪಟ್ಟಿಯಲ್ಲೇ ಬರೆಯಲಿ. ಊಟದ ಮೇಜಿನಲ್ಲಿ ಆಗುತ್ತಿರುವುದು ಆಗ ತರಗತಿಯಲ್ಲೂ ಆಗುತ್ತದೆ.

ಮಕ್ಕಳೊಂದಿಗಿನ ಈ ನಂಟು ಎಷ್ಟು ಆಳಕ್ಕಿಳಿಯುತ್ತದೆ ಎಂದು ತಿಳಿಯಲು ಇಶಿನೊಮಾಕಿಗೆ ಹೋಗಬೇಕು. ಮಿಯಾಗಿ ಪ್ರಾಂತ್ಯದ ಆ ಬಂದರು ಪಟ್ಟಣಕ್ಕೆ ಅಮೆರಿಕದ ವರ್ಜೀನಿಯಾದಿಂದ 2008ರಲ್ಲಿ ಜೆಟ್ ಮೇಡಂ ಆಗಿ ಬಂದವಳು ಟೇಲರ್ ಆಂಡರ್ಸನ್. 2011ರ ಮಾರ್ಚ್ 11ರ ಮಧ್ಯಾಹ್ನ ಭೂಕಂಪವಾದಾಗ ಅವಳು ಪ್ರಾಥಮಿಕ ಶಾಲೆಯಲ್ಲಿದ್ದಳು. ಹೆದರಿದ ಮಕ್ಕಳನ್ನು ಸಮಾಧಾನಪಡಿಸಿ, ತಂದೆತಾಯಿಯರು ಬಂದು ಕರೆದೊಯ್ಯುವಾಗ ಜೊತೆಗಿದ್ದು, ಆಮೇಲೆ ಸೈಕಲ್ ಹತ್ತಿ ಮನೆಯ ಕಡೆ ಹೊರಟಳು. ಸುನಾಮಿ ದಾರಿಯಲ್ಲಿ ಸಿಕ್ಕಿತು. ಅವಳಿಗೆ 24 ವರ್ಷ. ಉತ್ತರಕ್ಕಿರುವ ರಿಕುಜೆನ್‌ತಾಕಾತಾದಲ್ಲಿ ಅಲಾಸ್ಕಾದ ಮಾಂಟಿ ಡಿಕ್ಸನ್ ಎಂಬ 26ರ ಎಎಲ್‌ಟಿಯೂ ಅಂದೇ ಅಲೆಗೆ ಸಿಲುಕಿ ತೀರಿಕೊಂಡ.

ಟೇಲರ್‌ಳ ತಂದೆತಾಯಿ ಅವಳ ಹೆಸರಿನಲ್ಲಿ ನಿಧಿ ಕಟ್ಟಿ, ಅವಳು ಪಾಠ ಹೇಳಿದ ಶಾಲೆಗಳಿಗೆ ಇಂಗ್ಲಿಷ್ ಪುಸ್ತಕ ಕಳಿಸಿದರು. ಪುಸ್ತಕ ಇಡುವ ಕಪಾಟುಗಳನ್ನು ಮಾಡಿಕೊಟ್ಟವರು ಎಂಡೊ ಶಿನಿಚಿ ಎಂಬ ಅದೇ ಊರಿನ ಮರಗೆಲಸದವರು. ಸುನಾಮಿಯಲ್ಲಿ ಅವರ ಮೂವರು ಮಕ್ಕಳೂ ಹೋಗಿದ್ದರು. ಟೇಲರ್ ಆ ಮಕ್ಕಳಿಗೂ ಇಂಗ್ಲಿಷ್ ಕಲಿಸಿದ್ದಳು. ಮೊದಲ ಕಪಾಟು 2011ರ ಸೆಪ್ಟೆಂಬರಿನಲ್ಲಿ, ಅವಳು ಕೊನೆಯ ದಿನ ಪಾಠ ಹೇಳಿದ ಮಾಂಗೊಕುಉರಾ ಪ್ರಾಥಮಿಕ ಶಾಲೆಗೆ ಬಂತು. ಅದಕ್ಕೆ ಟೇಲರ್ ಬುಂಕೊ, ಟೇಲರ್ ಪುಸ್ತಕ ಭಂಡಾರ ಎಂದು ಹೆಸರಿಟ್ಟರು. ಆಮೇಲೆ ಒಂದೊಂದಾಗಿ ಇಶಿನೊಮಾಕಿಯ ಉಳಿದ ಶಾಲೆಗಳಿಗೂ ಅಂಥ ಕಪಾಟುಗಳು ಹೋದವು.